ಕೋಡಂಗಿಯ ಠೇವಣಿ

2013ರ ವಿಧಾನಸಭಾ ಚುನಾವಣೆಗೆ ನಮ್ಮ ದೊಡ್ಡಪ್ಪ ನಿಂತಾಗ ಊರೆಲ್ಲ ನಕ್ಕಿತು. ಊರು ನಕ್ಕದ್ದರಲ್ಲಿ ಹೊಸದೇನೂ ಇಲ್ಲ. ನಾವೂ ನಕ್ಕೆವು. ಆ ನಗೆಯ ಲೆಕ್ಕ ಒಪ್ಪಿಸಲಿಕ್ಕೇ ಇದನ್ನು ಬರೆಯುತ್ತಿದ್ದೇವೆ.

ನಾವು ಎಂದರೆ ಕೇರಿಯಿಂದ ಮೊಟ್ಟಮೊದಲು ಹೈಸ್ಕೂಲಿನ ಮೆಟ್ಟಿಲು ಹತ್ತಿದ ನಾಲ್ಕೈದು ಹುಡುಗರು, ಹುಡುಗಿಯರು. ಆಗ ಹಾಸ್ಟೆಲಿನಲ್ಲಿದ್ದೆವು. ದೊಡ್ಡಪ್ಪ ಊರ ಹಬ್ಬಕ್ಕೆ, ಊರ ಸಾವಿಗೆ ತಮಟೆ ಬಡಿಯುತ್ತಿದ್ದ. ಉಳಿದ ದಿನ ಕೂಲಿ. ಅಕ್ಷರ ಗೊತ್ತಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಕೇರಿಯವರು ಆಡುತ್ತಿದ್ದ ಬಯಲಾಟದಲ್ಲಿ ಮಾತ್ರ ಅವನು ರಾಜನಿಗಿಂತ ದೊಡ್ಡವನು. ಅವನು ಕೋಡಂಗಿ. ಮುಖಕ್ಕೆ ಮಸಿ, ಸೊಂಟಕ್ಕೆ ಹಗ್ಗದ ಬಾಲ. ರಂಗದ ಮೇಲೆ ಕೋಡಂಗಿ ರಾಜನನ್ನು 'ಏನ್ಲಾ ರಾಜ, ಉಂಡ್ಯಾ?' ಅಂತ ಕೇಳಬಹುದು. ಕಿರೀಟ ರಟ್ಟಿನದು ಅಂತ ಎಲ್ಲರ ಎದುರಿಗೇ ಹೇಳಬಹುದು. ಮುಂದೆ ಕುರ್ಚಿ ಹಾಕಿಸಿಕೊಂಡು ಕೂತ ಗೌಡರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಕ್ಕು, ಹತ್ತು ರೂಪಾಯಿ ನೋಟನ್ನು ಕೈ ಸೋಕದ ಹಾಗೆ ದೂರದಿಂದ ಎಸೆಯುತ್ತಿದ್ದರು. ಬೆಳಗಾದರೆ ಅದೇ ಕೋಡಂಗಿ ಅವರ ಕೊಟ್ಟಿಗೆಯ ಗೊಬ್ಬರ ಹೊರಬೇಕು, ತಲೆಯೆತ್ತದೆ.

ಆಟದಲ್ಲಿ ಆಡಿದ ಮಾತು ಬೆಳಗಿಗೆ ನಡೆಯುವುದಿಲ್ಲ. ಇದು ಊರಿನ ಕಾನೂನು. ದೊಡ್ಡಪ್ಪ ಮುರಿದದ್ದು ಈ ಕಾನೂನನ್ನು.

ನಮ್ಮ ಕೇರಿಯ ಹೆಣಗಳಿಗೆ ಮಣ್ಣಿರಲಿಲ್ಲ. ಕೆರೆ ಒಣಗಿದ್ದರೆ ಕೆರೆಯಂಗಳದಲ್ಲಿ ಹೂಳುತ್ತಿದ್ದೆವು. ಕೆರೆ ತುಂಬಿದರೆ ರಸ್ತೆಯ ಮಗ್ಗುಲಲ್ಲಿ. ನಮ್ಮಜ್ಜಿಯನ್ನು ಹೂತ ಜಾಗ ಈಗ ಯಾರಿಗೂ ಗೊತ್ತಿಲ್ಲ. ಮಳೆ ಬಂತು, ನೀರು ನಿಂತಿತು, ಗುರುತು ಹೋಯಿತು. ಸ್ಮಶಾನಕ್ಕೆ ಒಂದೆಕರೆ ಕೊಡಿ ಅಂತ ದೊಡ್ಡಪ್ಪ ನಮ್ಮ ಕೈಯಲ್ಲಿ ಬರೆಸಿದ ಅರ್ಜಿಗಳು ಏಳು. ಏಳಕ್ಕೂ ಕಚೇರಿಯ ಮುದ್ರೆ ಒತ್ತಿಸಿಕೊಂಡು ಬಂದ. ಏಳಕ್ಕೂ ಉತ್ತರವಿಲ್ಲ. ಕೊನೆಗೊಂದು ಸಂಜೆ ಜಗಲಿ ಮೇಲೆ ಕೂತು ಹೇಳಿದ: 'ಅರ್ಜಿ ಕೊಡೋರ್ ಮಾತ ಯಾರೂ ಕೇಳಾಕಿಲ್ಲ ಕನ್ರಪ್ಪ. ಓಟಿಗ್ ನಿಂತೋರ್ ಮಾತ ಒಂದ್ ತಿಂಗ್ಳಾದ್ರೂ ಕೇಳ್ತಾರೆ. ನಾನೇ ನಿಂತ್ಕತೀನಿ.'

ಎರಡು ಮೇಕೆ ಮಾರಿ 5,000 ರೂಪಾಯಿ ಠೇವಣಿ ಕಟ್ಟಿದ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಸೂಚಕ ಒಬ್ಬನಿದ್ದರೆ ಸಾಕು. ಪಕ್ಷೇತರನಿಗೆ ಹತ್ತು ಮಂದಿ ಬೇಕು. ಗೌಡರಿಗೆ ಗೊತ್ತಾದರೆ ಕೂಲಿ ತಪ್ಪುತ್ತದೆ ಅಂತ ಒಂಬತ್ತರ ತನಕ ಬಂದು ನಿಂತಿತ್ತು. ಹತ್ತನೆಯ ಹೆಬ್ಬೆಟ್ಟು ಒತ್ತಿದ್ದು ನಮ್ಮ ದೊಡ್ಡವ್ವ. ಪ್ರಮಾಣಪತ್ರದಲ್ಲಿ ಆಸ್ತಿಯ ಕಲಮುಗಳ ಉದ್ದಕ್ಕೂ 'ಇಲ್ಲ, ಇಲ್ಲ, ಇಲ್ಲ' ಎಂದು ಟೈಪು ಮಾಡುತ್ತಿದ್ದವನಿಗೇ ನಗು ಬಂತಂತೆ. 'ನಮ್ ತಮಟೆ ಬರಸ್ಬೇಕಾ ಸ್ವಾಮಿ?' ಅಂತ ದೊಡ್ಡಪ್ಪ ಕೇಳಿದನಂತೆ. ಅವನಿಗೆ ಸಿಕ್ಕ ಗುರುತು ಸ್ಲೇಟು. ಅಕ್ಷರ ಬಾರದವನಿಗೆ ಸ್ಲೇಟು! ಅದಕ್ಕೊಂದು ಸುತ್ತು ನಗೆ. ಒಂದು ಪತ್ರಿಕೆ ಅವನ ಬಯಲಾಟದ ಚಿತ್ರ ಹಾಕಿ, ಕಣದಲ್ಲೊಬ್ಬ ಕೋಡಂಗಿ ಎಂದು ಬರೆಯಿತು. ಹಾಸ್ಟೆಲಿನಲ್ಲಿ ಹುಡುಗರು ಅದನ್ನು ಕೈಯಿಂದ ಕೈಗೆ ದಾಟಿಸಿ ಓದಿದರು. 'ನಿಮ್ಮೂರಿನವನಂತಲ್ಲ, ಯಾರೋ ಇವ್ನು?' ಅಂತ ನಮ್ಮನ್ನು ಕೇಳಿದರು.

'ಯಾರೋ, ಗೊತ್ತಿಲ್ಲ' ಅಂದೆವು. ಅಂದು, ಅವರ ಜೊತೆ ನಕ್ಕೆವು.

ಈಗ ಡಿಗ್ರಿ ಮುಗಿಸಿ ಹತ್ತು ಪುಸ್ತಕ ತಿರುವಿದ ಮೇಲೆ ತಿಳಿಯುತ್ತಿದೆ. ಇಂಥವರಿಗೆ ಕಾನೂನು ಬಲ್ಲವರ ಬಾಯಲ್ಲಿ ಒಂದು ಹೆಸರೇ ಇದೆ: ಗಂಭೀರವಲ್ಲದ ಅಭ್ಯರ್ಥಿಗಳು. ಈ ಹೆಸರಿನ ಹಿಂದೆ ಒಂದು ಚರಿತ್ರೆಯೂ ಇದೆ.

ಉತ್ತರ ಪ್ರದೇಶದ ಬರೇಲಿಯಲ್ಲಿ ಕಾಕಾ ಜೋಗಿಂದರ್ ಸಿಂಗ್ ಎಂಬ ಬಟ್ಟೆ ವ್ಯಾಪಾರಿಯಿದ್ದರು. ಮುನ್ನೂರಕ್ಕೂ ಹೆಚ್ಚು ಚುನಾವಣೆಗೆ ನಿಂತು ಸೋತರು. 1992ರಲ್ಲಿ ರಾಷ್ಟ್ರಪತಿ ಚುನಾವಣೆಗೂ ನಿಂತು ನಾಲ್ಕನೆಯವರಾದರು. ಜನ ಅವರನ್ನು 'ಧರ್ತಿಪಕಡ್', ಅಂದರೆ ನೆಲ ಕಚ್ಚಿದವನು, ಎಂದು ಪ್ರೀತಿಯಿಂದ ಕರೆದರು. ನಮ್ಮ ಕರ್ನಾಟಕದಲ್ಲಿ ಹೊಟ್ಟೆಪಕ್ಷದ ರಂಗಸ್ವಾಮಿಯವರು 86 ಚುನಾವಣೆಗಳಿಗೆ ನಿಂತರು. ಹೊಟ್ಟೆಪಕ್ಷ ಎಂಬ ಹೆಸರಿಗೇ ಜನ ನಗುತ್ತಿದ್ದರು. ಹೊಟ್ಟೆಯ ಹೆಸರಲ್ಲಿ ಪಕ್ಷ ಕಟ್ಟಿದರೆ ನಗೆಪಾಟಲು; ದೇವರ ಹೆಸರಲ್ಲಿ, ಜಾತಿಯ ಹೆಸರಲ್ಲಿ ಕಟ್ಟಿದರೆ ಗಂಭೀರ. ಹಸಿವು ನಗೆಯ ಮಾತಾದದ್ದು ಯಾರಿಗೆ? ಉಂಡವರಿಗೆ.

ಆಮೇಲೆ 1996 ಬಂತು. ಆ ವರ್ಷದ ಲೋಕಸಭಾ ಚುನಾವಣೆಯಲ್ಲಿ ದೇಶದಾದ್ಯಂತ 13,952 ಅಭ್ಯರ್ಥಿಗಳು. ನಲ್ಗೊಂಡ ಒಂದರಲ್ಲೇ 480 ಮಂದಿ. ಗಡಿಯ ಜಗಳದಲ್ಲಿ ನಮ್ಮ ಬೆಳಗಾವಿಯಲ್ಲಿ 456 ಮಂದಿ. ತಮಿಳುನಾಡಿನ ಮೊಡಕ್ಕುರಿಚ್ಚಿ ವಿಧಾನಸಭಾ ಕ್ಷೇತ್ರದಲ್ಲಿ ರೈತರು ಸೇರಿ 1,033 ಮಂದಿ. ಮತಪತ್ರವನ್ನು ಪುಸ್ತಕದ ಹಾಗೆ ಹೊಲಿಯಬೇಕಾಯಿತು. ದೊಡ್ಡವರೆಲ್ಲ ಇದನ್ನು ಪ್ರಜಾಪ್ರಭುತ್ವದ ಅಣಕ ಅಂದರು. ಆದರೆ ನಲ್ಗೊಂಡದವರು ಯಾಕೆ ನಿಂತರು? ಅಲ್ಲಿಯ ನೀರಿನಲ್ಲಿ ಫ್ಲೋರೈಡು. ಕುಡಿದ ಮಕ್ಕಳ ಹಲ್ಲು ಕಂದಾಗುತ್ತದೆ, ಕಾಲು ಸೊಟ್ಟಗಾಗುತ್ತದೆ, ನಲವತ್ತಕ್ಕೇ ಬೆನ್ನು ಬಾಗುತ್ತದೆ. ಅವರೂ ಅರ್ಜಿ ಕೊಟ್ಟು ಸಾಕಾದವರು. ನಮ್ಮ ದೊಡ್ಡಪ್ಪ ಜಗಲಿ ಮೇಲೆ ಆಡಿದ ಮಾತನ್ನೇ ಅವರು ನಲ್ಗೊಂಡದಲ್ಲಿ ನಾನೂರೆಂಬತ್ತು ಬಾಯಲ್ಲಿ ಆಡಿದ್ದರು. ಇದು ಅಣಕವೇ?

ದಿಲ್ಲಿಯಿಂದ ಬೇಗನೆ ಉತ್ತರ ಬಂತು. ಅದೇ ವರ್ಷ ಕಾನೂನು ತಿದ್ದಿದರು. ವಿಧಾನಸಭೆಗೆ 250 ರೂಪಾಯಿ ಇದ್ದ ಠೇವಣಿ 5,000 ಆಯಿತು. ಲೋಕಸಭೆಗೆ 500 ಇದ್ದದ್ದು 10,000 ಆಯಿತು. ಪಕ್ಷೇತರನಿಗೆ ಹತ್ತು ಸೂಚಕರ ಕಟ್ಟಳೆ ಬಂದದ್ದೂ ಆಗಲೇ. 2010ರಿಂದ ವಿಧಾನಸಭೆಗೆ 10,000, ಲೋಕಸಭೆಗೆ 25,000. ಪರಿಶಿಷ್ಟರಿಗೆ ಇದರಲ್ಲಿ ಅರ್ಧ. ಅಂದರೆ 1996ಕ್ಕೆ ಮೊದಲಾಗಿದ್ದರೆ ನಮ್ಮ ದೊಡ್ಡಪ್ಪ 125 ರೂಪಾಯಿ ಕಟ್ಟಿ ನಿಲ್ಲಬಹುದಿತ್ತು. 2013ರಲ್ಲಿ ಅದರ ನಲವತ್ತರಷ್ಟು ಕಟ್ಟಿದ. ಕ್ಷೇತ್ರದಲ್ಲಿ ಬಿದ್ದ ಸಿಂಧು ಮತಗಳಲ್ಲಿ ಆರನೇ ಒಂದು ಪಾಲು ಬರದಿದ್ದರೆ ಅದೂ ಮುಟ್ಟುಗೋಲು.

ಕಾನೂನಿನ ಫಲ ತಕ್ಷಣ ಕಂಡಿತು. 1998ರ ಲೋಕಸಭಾ ಚುನಾವಣೆಯಲ್ಲಿ ಅಭ್ಯರ್ಥಿಗಳು 4,750ಕ್ಕೆ ಇಳಿದರು. ಆದರೆ ನೋಡಿ ಗೆಳೆಯರೇ, ಬಟ್ಟೆ ಅಂಗಡಿಯಿದ್ದ ಧರ್ತಿಪಕಡ್‌ಗೆ ತಮಾಷೆ ಮಾಡುವ ಶಕ್ತಿಯಿತ್ತು. ಠೇವಣಿಯ ಬೇಲಿ ಎತ್ತರವಾದಾಗ ಹೊರಗುಳಿಯುವವನು ತಮಾಷೆ ಮಾಡುವವನಲ್ಲ, ಮೇಕೆ ಮಾರಬೇಕಾದವನು. ಬೇಲಿಯೊಳಗೆ ಉಳಿದವರಾದರೂ ಎಂಥವರು? 2024ರಲ್ಲಿ ಲೋಕಸಭೆಗೆ ಗೆದ್ದ 543 ಮಂದಿಯಲ್ಲಿ ಕೋಟ್ಯಧೀಶರು 504. ತಮ್ಮ ಮೇಲೆ ಕ್ರಿಮಿನಲ್ ಮೊಕದ್ದಮೆಗಳಿವೆಯೆಂದು ತಾವೇ ಬರೆದುಕೊಟ್ಟವರು 251. ಇವರೆಲ್ಲ ಗಂಭೀರ ಅಭ್ಯರ್ಥಿಗಳು. ಸ್ಮಶಾನ ಕೇಳಿದವನು ಕೋಡಂಗಿ.

ಡಿಗ್ರಿ ಓದುವಾಗ ಲೈಬ್ರರಿಯಲ್ಲಿ ಇನ್ನೊಬ್ಬ ಕೋಡಂಗಿಯ ಸುದ್ದಿ ನಮ್ಮ ಕಣ್ಣಿಗೆ ಬಿತ್ತು. ಓದುತ್ತ ಓದುತ್ತ ದೊಡ್ಡಪ್ಪನೇ ಕಂಡ. ಅವನು ಬ್ರೆಜಿಲ್ ದೇಶದವನು, ಹೆಸರು ತಿರಿರಿಕಾ. ಅದು ಅವನ ಸರ್ಕಸ್ಸಿನ ಹೆಸರು. ಆ ದೇಶದ ಈಶಾನ್ಯ ಮೂಲೆಯ ಬರಗಾಲದ ಸೀಮೆಯಲ್ಲಿ, ಬಡವರ ಮನೆಯಲ್ಲಿ ಹುಟ್ಟಿ, ಎಂಟನೇ ವಯಸ್ಸಿಗೇ ಸರ್ಕಸ್ಸು ಸೇರಿದವನು. 2010ರಲ್ಲಿ ಸಾವೋ ಪಾಲೋದಿಂದ ಪಾರ್ಲಿಮೆಂಟಿಗೆ ನಿಂತ. ವಿದೂಷಕನ ಟೋಪಿ ಹಾಕಿಕೊಂಡೇ ಟಿವಿಯಲ್ಲಿ ಬಂದು, ಪಾರ್ಲಿಮೆಂಟಿನವರು ಏನು ಕೆಲಸ ಮಾಡುತ್ತಾರೋ ನನಗೆ ಗೊತ್ತಿಲ್ಲ, ಗೆಲ್ಲಿಸಿ, ನೋಡಿಕೊಂಡು ಬಂದು ಹೇಳುತ್ತೇನೆ ಎಂಬರ್ಥದ ಮಾತಾಡಿದ. ಈಗಿರುವುದಕ್ಕಿಂತ ಕೆಡಲು ಇನ್ನೇನು ಉಳಿದಿದೆ ಅಂದ. 13 ಲಕ್ಷಕ್ಕೂ ಮೀರಿ ಮತ ಬಿತ್ತು. ಆ ಚುನಾವಣೆಯಲ್ಲಿ ಇಡೀ ದೇಶದಲ್ಲಿ ಅವನಷ್ಟು ಮತ ಪಡೆದ ಸಂಸದ ಇನ್ನೊಬ್ಬನಿರಲಿಲ್ಲ.

ತಮಾಷೆ ಗೆದ್ದ ಕೂಡಲೇ ನಗು ನಿಂತಿತು. ಇವನಿಗೆ ಓದು ಬರಹ ಬರುವುದಿಲ್ಲ ಎಂದು ಮೊಕದ್ದಮೆ ನಡೆಯಿತು. ಬ್ರೆಜಿಲ್‌ನ ಸಂವಿಧಾನದಲ್ಲಿ ಅನಕ್ಷರಸ್ಥ ಮತ ಹಾಕಬಹುದು, ಚುನಾವಣೆಗೆ ನಿಲ್ಲುವಂತಿಲ್ಲ. ಹದಿಮೂರು ಲಕ್ಷ ಜನ ಆರಿಸಿದವನನ್ನು ನ್ಯಾಯಾಧೀಶರ ಮುಂದೆ ಕೂರಿಸಿ ಉಕ್ತಲೇಖನ ಬರೆಸಿದರು. ಪತ್ರಿಕೆಯ ತಲೆಬರಹ ಓದಿಸಿದರು. ಬೆಳೆದ ಗಂಡಸು ಶಾಲೆಯ ಹುಡುಗನ ಹಾಗೆ ಕೂತು ಬರೆದ, ಓದಿದ, ಪಾಸಾದ. ಆಮೇಲೆ ಒಳಗೆ ಬಿಟ್ಟರು.

ಇದು ನಮಗೆ ಪರದೇಶದ ಕತೆ ಅನ್ನಿಸಲಿಲ್ಲ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕರಿಯರು ಮತ ಹಾಕಲು ಹೋದರೆ ಓದುವ ಪರೀಕ್ಷೆ ಒಡ್ಡಿ ಹಿಂದಕ್ಕೆ ಕಳಿಸುತ್ತಿದ್ದರು. ಅದಕ್ಕೆ ತಡೆ ಬಿದ್ದದ್ದು 1965ರ ಕಾಯ್ದೆಯಿಂದ. ನಮ್ಮಲ್ಲಿ ಬಾಬಾಸಾಹೇಬರು 1928ರಲ್ಲೇ ಸೈಮನ್ ಆಯೋಗದ ಮುಂದೆ ವಯಸ್ಕರೆಲ್ಲರಿಗೂ ಮತ ಬೇಕೆಂದು ಕೇಳಿದ್ದರು. ನೂರಕ್ಕೆ ಸುಮಾರು ಹದಿನೆಂಟು ಮಂದಿಗೆ ಮಾತ್ರ ಅಕ್ಷರ ಬರುತ್ತಿದ್ದ ದೇಶದಲ್ಲಿ ನಮ್ಮ ಸಂವಿಧಾನ ಮತ ಹಾಕಲೂ ನಿಲ್ಲಲೂ ಅಕ್ಷರದ ಷರತ್ತು ಹಾಕಲಿಲ್ಲ. ಓದಲು ಬಾರದವರಿಗಾಗಿಯೇ ಚುನಾವಣೆಯಲ್ಲಿ ಗುರುತುಗಳು ಬಂದವು. ಅದೇ ದೇಶದಲ್ಲಿ 2015ರಲ್ಲಿ ಹರಿಯಾಣ ಸರ್ಕಾರ ಪಂಚಾಯಿತಿಗೆ ನಿಲ್ಲುವವರು ಇಂತಿಷ್ಟು ಓದಿರಬೇಕು, ಮನೆಯಲ್ಲಿ ಕಕ್ಕಸು ಇರಬೇಕು ಎಂದು ಕಾನೂನು ಮಾಡಿತು. ಸಾಮಾನ್ಯರಿಗೆ ಹತ್ತನೇ ಕ್ಲಾಸು, ಹೆಂಗಸರಿಗೂ ದಲಿತ ಗಂಡಸರಿಗೂ ಎಂಟು, ಪಂಚಾಯಿತಿ ಸದಸ್ಯೆಯಾಗುವ ದಲಿತ ಹೆಂಗಸಿಗೆ ಐದು. ಅದೇ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಶಾಲೆಯ ಬಾಗಿಲು ಮುಚ್ಚಿದವರು ಒಬ್ಬರು, ಯಾಕೆ ಓದಲಿಲ್ಲ ಅಂತ ದಂಡ ಹಾಕುವವರೂ ಅವರೇ. ತಿರಿರಿಕಾನ ಉಕ್ತಲೇಖನ ನಮ್ಮ ದೊಡ್ಡವ್ವನ ಹೆಬ್ಬೆಟ್ಟಿನ ತನಕ ಬಂತು.

ಆದರೆ ತಿರಿರಿಕಾನ ಕತೆಯಲ್ಲಿ ಇನ್ನೊಂದು ಮಗ್ಗುಲಿದೆ. ಅದನ್ನು ಮುಚ್ಚಿಟ್ಟರೆ ನಮಗೇ ಮೋಸ. ಬ್ರೆಜಿಲ್‌ನ ಪದ್ಧತಿಯಲ್ಲಿ ಒಬ್ಬನಿಗೆ ಬಿದ್ದ ಹೆಚ್ಚಿನ ಮತ ಅವನ ಕೂಟದ ಬೇರೆಯವರಿಗೆ ಹೋಗುತ್ತದೆ. ಕೋಡಂಗಿಯ ಮತದ ಬಲದಿಂದ ಜನ ಆರಿಸದ ಇನ್ನೂ ಮೂವರು ಪಾರ್ಲಿಮೆಂಟಿಗೆ ಹೋದರು. ನಗಿಸಿದವನು ಅವನು, ದಡ ಸೇರಿದವರು ಬೇರೆ. ಕೋಡಂಗಿಯನ್ನು ಮುಂದೆ ಬಿಟ್ಟು ಹಿಂದಿನಿಂದ ಹಗ್ಗ ಎಳೆಯುವ ಈ ಆಟ ನಮಗೆ ಗೊತ್ತಿಲ್ಲದ್ದಲ್ಲ. ಮೀಸಲು ಕ್ಷೇತ್ರ ಬಂದಾಗ ಊರ ದೊಡ್ಡವರು ಯಾರನ್ನು ಹುಡುಕುತ್ತಾರೆ? ಎದುರು ಮಾತಾಡದವನನ್ನು. ಮಧುರೆ ಜಿಲ್ಲೆಯ ಪಾಪ್ಪಾಪಟ್ಟಿ, ಕೀರಿಪಟ್ಟಿ, ನಟ್ಟಾರಮಂಗಲಂ ಪಂಚಾಯಿತಿಗಳು 1996ರಲ್ಲಿ ದಲಿತರಿಗೆ ಮೀಸಲಾದವು. ಹತ್ತು ವರ್ಷ ಅಲ್ಲಿ ಸರಿಯಾಗಿ ಚುನಾವಣೆಯೇ ಆಗಲಿಲ್ಲ. ಆದಾಗಲೂ ಮೇಲ್ಜಾತಿಯವರೇ ಒಬ್ಬ ಬೊಂಬೆಯನ್ನು ನಿಲ್ಲಿಸುವುದು, ಗೆದ್ದ ಕೂಡಲೇ ರಾಜೀನಾಮೆ ಕೊಡಿಸುವುದು. ದಲಿತನ ಗೆಲುವೆಂಬುದೇ ಊರಿನ ಹಾಸ್ಯ. 2006ರಲ್ಲಿ ಆ ಆಟ ಮುರಿಯಿತು.

ಹಾಸ್ಯವಾಗಲು ಒಪ್ಪದವನಿಗೆ ಏನಾಯಿತು? ಅದೇ ಸೀಮೆಯ ಮೇಲವಳವಿನಲ್ಲಿ ಮುರುಗೇಶನ್ ಎಂಬ ದಲಿತ ನಿಜವಾಗಿಯೇ ನಿಂತು, ನಿಜವಾಗಿಯೇ ಗೆದ್ದು, ಪಂಚಾಯಿತಿ ಅಧ್ಯಕ್ಷನಾದ. 1997ರ ಜೂನ್ 30ರಂದು ಹಾಡಹಗಲೇ ಬಸ್ಸು ನಿಲ್ಲಿಸಿ ಅವನ ತಲೆ ಕಡಿದರು. ಅವನ ಜೊತೆಯವರನ್ನೂ ಕೊಂದರು. ಕೋಡಂಗಿಯಾಗಿದ್ದರೆ ಹತ್ತು ರೂಪಾಯಿ ನೋಟು, ಅಧ್ಯಕ್ಷನಾದರೆ ಮಚ್ಚು. ನಮ್ಮವರು ಕಣಕ್ಕಿಳಿದರೆ ಊರು ಯಾಕೆ ಮೊದಲು ನಗುತ್ತದೆಂಬುದು ಈಗ ತಿಳಿಯುತ್ತದೆ. ಆ ನಗು ಮೊದಲ ಬೆದರಿಕೆ.

ಹಾಗಂತ ನಗಿಸುವವರೆಲ್ಲ ನಮ್ಮವರೆಂದು ನಾವು ಹೇಳುತ್ತಿಲ್ಲ. ನಮ್ಮ ಮುಖ್ಯಮಂತ್ರಿ ಚಂದ್ರು 1985ರಲ್ಲಿ ಗೌರಿಬಿದನೂರಿನಿಂದ ಶಾಸಕರಾದರು. ಪಂಜಾಬಿನ ಹಾಸ್ಯಗಾರ ಭಗವಂತ್ ಮಾನ್ 2022ರಲ್ಲಿ ಮುಖ್ಯಮಂತ್ರಿಯೇ ಆದರು. ಟಿವಿಯ ಹಾಸ್ಯ ಧಾರಾವಾಹಿಯಲ್ಲಿ ಮೇಷ್ಟ್ರೊಬ್ಬ ಅಕಸ್ಮಾತ್ತಾಗಿ ಅಧ್ಯಕ್ಷನಾಗುವ ಪಾತ್ರ ಮಾಡಿದ್ದ ಝೆಲೆನ್ಸ್ಕಿ 2019ರಲ್ಲಿ ಯುಕ್ರೇನಿನ ಅಧ್ಯಕ್ಷನೇ ಆದ. ಹೆಸರು, ಹಣ, ಪರದೆ ಇದ್ದರೆ ಹಾಸ್ಯಗಾರನೂ ಗಂಭೀರನಾಗುತ್ತಾನೆ. ಆದ್ದರಿಂದ ಕೇಳಬೇಕಾದದ್ದು ಇವನು ಹಾಸ್ಯಗಾರನೇ ಎಂದಲ್ಲ, ಯಾರನ್ನು ನೋಡಿ ನಗಿಸುತ್ತಾನೆ ಎಂದು.

ಗ್ವಾಟೆಮಾಲಾದಲ್ಲಿ ಜಿಮ್ಮಿ ಮೊರಾಲೆಸ್ ಎಂಬ ಟಿವಿ ಹಾಸ್ಯಗಾರ ಮುಖಕ್ಕೆ ಕರಿ ಬಳಿದುಕೊಂಡು ಕರಿಯರನ್ನು ಆಡಿಕೊಂಡು ನಗಿಸುತ್ತಿದ್ದ. ನಾನು ಭ್ರಷ್ಟನಲ್ಲ, ಕಳ್ಳನಲ್ಲ ಎಂದು ಸಾರಿಕೊಂಡು 2015ರಲ್ಲಿ ಅಧ್ಯಕ್ಷನಾದ. ಅವನ ಪಕ್ಷವನ್ನು ಕಟ್ಟಿದವರು ನಿವೃತ್ತ ಸೈನಿಕರು. 1980ರ ದಶಕದಲ್ಲಿ ಮಾಯಾ ಜನರ ಹಳ್ಳಿಗಳನ್ನು ಸುಟ್ಟ ಸೈನ್ಯದವರು. ಭ್ರಷ್ಟಾಚಾರದ ತನಿಖೆ ತನ್ನ ಮನೆಯವರ ಬಾಗಿಲಿಗೆ ಬಂದಾಗ, ತನಿಖೆ ಮಾಡುತ್ತಿದ್ದ ವಿಶ್ವಸಂಸ್ಥೆಯ ಆಯೋಗದ ಅವಧಿಯನ್ನೇ ಮುಂದುವರಿಸಲಿಲ್ಲ. 2019ರಲ್ಲಿ ಅದು ಮುಚ್ಚಿತು. ಕೆಳಗಿನವರನ್ನು ನೋಡಿ ನಗಿಸುವವನು ಕೋಡಂಗಿಯಲ್ಲ, ಒಡೆಯರ ಮನೆಯ ಬಾಡಿಗೆ ಬಾಯಿ. ಮೇಲಿನವರನ್ನು ಅಣಕಿಸಿದವರಿಗಾದರೆ ದಾರಿ ಅಷ್ಟು ಸಲೀಸಲ್ಲ. ಪ್ರಧಾನಿಯ ದನಿಯನ್ನು ಅನುಕರಿಸಿ ಹೆಸರಾದ ಶ್ಯಾಮ್ ರಂಗೀಲಾ 2024ರಲ್ಲಿ ಪ್ರಧಾನಿಯ ಎದುರಿಗೇ ವಾರಾಣಸಿಯಲ್ಲಿ ನಿಲ್ಲಲು ಹೋದ. ನಾಮಪತ್ರ ತಿರಸ್ಕೃತವಾಯಿತು.

ಇನ್ನು ನಮ್ಮ ಕೋಡಂಗಿಯ ಫಲಿತಾಂಶ. ದೊಡ್ಡಪ್ಪ ತಾನೇ ತಮಟೆ ಬಡಿದುಕೊಂಡು ನಡೆದೇ ಪ್ರಚಾರ ಮಾಡಿದ. ಹೋದ ಕಡೆಯಲ್ಲೆಲ್ಲ ಒಂದೇ ಮಾತು: 'ಸತ್ ಮೇಲಾದ್ರೂ ಮೂರಡಿ ಜಾಗ ಬ್ಯಾಡ್ವಾ ನಮ್ಗೆ?' ಬಿದ್ದ ಮತ 614. ಠೇವಣಿ ಹೋಯಿತು. ಊರು ಮತ್ತೊಂದು ಸಲ ನಕ್ಕಿತು. ದೊಡ್ಡಪ್ಪ ಮಾತ್ರ ಖರ್ಚಿನ ಲೆಕ್ಕದ ಪುಸ್ತಕವನ್ನು ಗಡುವಿನೊಳಗೆ ಒಪ್ಪಿಸಿ ಬಂದು, ಗೊಬ್ಬರ ಹೊರಲು ಹೋದ.

ವರ್ಷಗಳ ಮೇಲೆ, ಡಿಗ್ರಿಯ ಕೊನೆಯ ವರ್ಷದಲ್ಲಿ, ಆ ಚುನಾವಣೆಯ ಬೂತುವಾರು ಪಟ್ಟಿಯನ್ನು ನಾವು ಹುಡುಕಿ ತೆಗೆದೆವು. ನಮ್ಮ ಕೇರಿಯ ಬೂತಿನಲ್ಲಿ ಅವನಿಗೆ ಬಿದ್ದದ್ದು 47. ಮಿಕ್ಕ ಐನೂರ ಅರವತ್ತೇಳು ಯಾರವು? ಕ್ಷೇತ್ರದ ಮೂಲೆ ಮೂಲೆಯ ಬೂತುಗಳಲ್ಲಿ ಎರಡು, ಐದು, ಹನ್ನೊಂದು. ಅವನು ನಡೆದು ಹೋಗಿರಲಾರದಷ್ಟು ದೂರದ ಊರುಗಳೂ ಅದರಲ್ಲಿದ್ದವು. ಅಂಥ ನಾಲ್ಕು ಊರಿಗೆ ನಾವು ಹೋಗಿ ವಿಚಾರಿಸಿದೆವು. ಮೂರರಲ್ಲಿ ಕೇರಿಯವರಿಗೆ ಸ್ಮಶಾನವಿರಲಿಲ್ಲ. 'ಸ್ಲೇಟಿನೋನಾ? ನಂ ಕಷ್ಟ ಹೇಳ್ತಾನೆ ಅಂತ ಯಾರೋ ಅಂದ್ರು, ಒತ್ತಿದ್ವಿ' ಅಂದಳು ಒಬ್ಬ ಮುದುಕಿ. ಊರೆಲ್ಲ ನಗುತ್ತಿದ್ದಾಗ, ಹೆಸರು ಗೊತ್ತಿಲ್ಲದ ಅಷ್ಟು ಮಂದಿ ನಗದೆ ಬಂದು ಸ್ಲೇಟಿನ ಗುಂಡಿ ಒತ್ತಿ ಹೋಗಿದ್ದರು. ಅವನ ಅರ್ಜಿ ಬರೆದುಕೊಟ್ಟ ನಾವು ಮಾತ್ರ ಹಾಸ್ಟೆಲಿನಲ್ಲಿ ಕೂತು ನಗುತ್ತಿದ್ದೆವು.

ಆ ಪಟ್ಟಿಯನ್ನು ಅವನಿಗೆ ಓದಿ ಹೇಳಬೇಕೆಂದುಕೊಂಡೆವು. ಪರೀಕ್ಷೆ, ಕೆಲಸ ಅಂತ ತಡ ಮಾಡಿದೆವು. 2021ರ ಮಳೆಗಾಲದಲ್ಲಿ ದೊಡ್ಡಪ್ಪ ತೀರಿಕೊಂಡ. ಕೆರೆ ತುಂಬಿತ್ತು. ರಸ್ತೆಯ ಮಗ್ಗುಲಲ್ಲೇ ಹೂತೆವು. ಬಸ್ಸಿನಲ್ಲಿ ಹೋಗುತ್ತಿದ್ದವರು ಕಿಟಕಿಯಿಂದ ನೋಡಿದರು.

ತಿಥಿಯ ದಿನ ದೊಡ್ಡವ್ವ ಟ್ರಂಕು ತೆಗೆದಳು. ಮುದ್ರೆ ಒತ್ತಿದ ಏಳು ಅರ್ಜಿಗಳ ನಕಲಿನ ಜೊತೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಠೇವಣಿಯ ರಸೀತಿ ಇತ್ತು. 'ಅದ್ರಲ್ಲಿ ಏನ್ ಬರ್ದವ್ರೆ, ಓದ್ರಪ್ಪ. ನಿಮ್ ದೊಡ್ಡಪ್ಪ ಯಾರ್ ಕೈಲ್ ಓದ್ಸಾಣ ಅಂತಿದ್ದ' ಅಂದಳು. ಓದಿದೆವು. ಹೆಸರಿನ ಮುಂದೆ 'ಶ್ರೀ' ಎಂದಿತ್ತು, ಆಮೇಲೆ 'ಅಭ್ಯರ್ಥಿ'. ನಮಗೆ ತಿಳಿದ ಹಾಗೆ ಯಾವುದೇ ಕಚೇರಿ ಅವನನ್ನು ಶ್ರೀ ಎಂದು ಬರೆದದ್ದು ಆ ಒಂದು ಕಾಗದದಲ್ಲಿ. ಅದರ ಬೆಲೆ ಎರಡು ಮೇಕೆ.

ಎಂಟನೆಯ ಅರ್ಜಿಯನ್ನು ನಾವು ಬರೆದು ಕೊಟ್ಟಿದ್ದೇವೆ. ಉತ್ತರ ಬಂದಿಲ್ಲ. ಮುಂದಿನ ಪಂಚಾಯಿತಿ ಚುನಾವಣೆಗೆ ನಮ್ಮಲ್ಲೊಬ್ಬಳು ನಿಲ್ಲುತ್ತಾಳೆ, ಬಿ.ಎ., ಬಿ.ಎಡ್. ಮಾಡಿದವಳು, ದೊಡ್ಡಪ್ಪನ ಹಾಗೆಯೇ ಮಾತಿಗೆ ಮಾತು ಕೊಡುವವಳು. ಕೇಳುವುದು ಅದೇ ಒಂದೆಕರೆ. ಸುದ್ದಿ ಹೊರಬಿದ್ದ ದಿನವೇ ಟೀ ಅಂಗಡಿಯ ಮುಂದೆ ನಗೆ ಶುರುವಾಗಿದೆ: 'ಕೋಡಂಗಿ ಮನೆಯೋರಲ್ವಾ?' ಅಂತ.

ಹೌದು, ಕೋಡಂಗಿಯ ಮನೆಯವರೇ. ಅವಳ ನಾಮಪತ್ರಕ್ಕೆ ಸೂಚಕರಾಗಿ ರುಜು ಹಾಕುವವರು ಯಾರೆಂದು ಈಗ ನಮ್ಮ ನಮ್ಮಲ್ಲೇ ಪೈಪೋಟಿ ನಡೆದಿದೆ.